ಫೋನು ಸುಮ್ಮನಿದ್ದ ಬೆಳಿಗ್ಗೆ

ಶಬನಂ ಹದಿನಾಲ್ಕು ವರ್ಷಗಳಿಂದ ಗುಡ್ಡದಾಸ್ಪತ್ರೆಯಲ್ಲಿ ನರ್ಸು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಒಂದು ಏರು ತಿರುವಿನ ನೆತ್ತಿಯ ಮೇಲಿರುವ ಆ ನಲವತ್ತು ಹಾಸಿಗೆಯ ಟ್ರಸ್ಟ್ ಆಸ್ಪತ್ರೆಗೆ ಬೋರ್ಡಿನಲ್ಲಿ ಉದ್ದನೆಯ ಹೆಸರೊಂದಿದೆ. ಆದರೆ ಆ ಹೆಸರು ಹೇಳಿದರೆ ಬಸ್ಸಿನ ಕಂಡಕ್ಟರಿಗೂ ಗೊತ್ತಾಗುವುದಿಲ್ಲ. ಗುಡ್ಡದಾಸ್ಪತ್ರೆ ಅಂದರೆ ಸಾಕು, ದೂರದ ಸಂಸೆಯ ಕಡೆಯವರೂ ಬಂದು ಇಳಿಯುತ್ತಾರೆ. ಕಾಫಿ ಕೊಯ್ಲಿನಲ್ಲಿ ಏಣಿಯಿಂದ ಬಿದ್ದವರು, ಕಣಜ ಕಚ್ಚಿಸಿಕೊಂಡವರು, ಮಳೆಗಾಲದಲ್ಲಿ ಜ್ವರ ಬಿಡದವರು ಎಲ್ಲರೂ ಬರುವುದು ಅಲ್ಲಿಗೇ. ಅವರಲ್ಲಿ ಅರ್ಧ ಜನ ಒಳಗೆ ಕಾಲಿಡುವ ಮೊದಲೇ ಕೇಳುವುದು, "ಶಬನಂ ಸಿಸ್ಟರ್ ಇದ್ದಾರಾ?"

ಅವಳ ಕೈ ಅಂಥದ್ದು. ಸೂಜಿ ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಹತ್ತಿ ಒತ್ತಿ ಆಗಿರುತ್ತಿತ್ತು. ಮಾತು ಸ್ವಲ್ಪ ಖಾರ, ನಡಿಗೆ ಜೋರು. ಕಳಸದಲ್ಲಿ ಜೀಪು ರಿಪೇರಿ ಮಾಡುವ ಅಹಮದ್ ಅವರ ಮಗಳು ಅವಳು. ಎಂಜಿನ್ನಿನ ಸದ್ದು ಕೇಳಿಯೇ ಅಪ್ಪ ರೋಗ ಹೇಳುವ ಹಾಗೆ ಮಗಳು ಮುಖ ನೋಡಿ ಹೇಳುತ್ತಾಳೆ ಎಂದು ಊರಿನವರು ತಮಾಷೆ ಮಾಡುವುದಿತ್ತು. ಶಬನಂಗೆ ಆ ತಮಾಷೆ ಇಷ್ಟವಾಗುತ್ತಿತ್ತು, ಯಾಕೆಂದರೆ ಅದು ಸುಳ್ಳಾಗಿರಲಿಲ್ಲ.

ಹಿಂದಿನ ಆಡಳಿತಾಧಿಕಾರಿ ನಿವೃತ್ತರಾಗಿ, ಅವರ ಜಾಗಕ್ಕೆ ರುದ್ರೇಶ್ ಬಂದದ್ದು ಮಳೆ ಮುಗಿದ ಮೇಲೆ. ಹನ್ನೆರಡು ವರ್ಷ ರೆಸಾರ್ಟ್ ನಡೆಸಿದ ಮನುಷ್ಯ. ಇಸ್ತ್ರಿ ಮುರಿಯದ ಅಂಗಿ, ಅಚ್ಚುಕಟ್ಟಾದ ಇಂಗ್ಲಿಷ್. ಬಂದ ತಿಂಗಳಲ್ಲೇ ಗೋಡೆಗಳಿಗೆ ಬಣ್ಣ ಬಂತು, ಖಾಸಗಿ ಕೋಣೆಗಳಿಗೆ ಪರದೆ ಬಂತು. ಅದಕ್ಕೆಲ್ಲ ಶಬನಂ ತಕರಾರು ಎತ್ತಲಿಲ್ಲ. ಆಮೇಲೆ ನರ್ಸುಗಳ ಸರದಿ ಬಂತು.

ಮೊದಲು ಹೋದದ್ದು ವಾರ್ಡಿನ ಮೇಜಿನ ಹಿಂದಿದ್ದ ಎರಡು ಕುರ್ಚಿ. ಕೂತ ನರ್ಸನ್ನು ಕಂಡರೆ ರೋಗಿಗಳಿಗೆ ಒಳ್ಳೆಯ ಅಭಿಪ್ರಾಯ ಬರುವುದಿಲ್ಲವಂತೆ. ಆಮೇಲೆ ಇಂಟರ್‌ಕಾಂ ಬಂತು. ಮೂರು ರಿಂಗ್ ಆಗುವುದರೊಳಗೆ ಎತ್ತಬೇಕು, ಎತ್ತದಿದ್ದರೆ ಮೆಮೊ. ಖಾಸಗಿ ಕೋಣೆಯವರಿಗೆ ಬಿಸಿನೀರು ಬೇಕೆಂದರೂ, ಟಿವಿ ರಿಮೋಟ್ ಸಿಗದಿದ್ದರೂ ಆ ಫೋನು ಬಡಿದುಕೊಳ್ಳುತ್ತಿತ್ತು. ತಪ್ಪು ಕಂಡರೆ ರುದ್ರೇಶ್ ಪಕ್ಕಕ್ಕೆ ಕರೆದು ಹೇಳುವವನಲ್ಲ. ವಾರ್ಡಿನ ನಡುವೆ ನಿಂತು, ಹತ್ತು ಹಾಸಿಗೆಗೆ ಕೇಳುವ ಹಾಗೆ, "ಏನ್ರೀ, ಕಲಿತದ್ದು ಎಲ್ಲಿ ನೀವು?" ಎನ್ನುತ್ತಿದ್ದ. ಹಾಗೆ ಅನ್ನಿಸಿಕೊಂಡ ಕೃತಿಕಾ ಎಂಬ ಒಳ್ಳೆಯ ನರ್ಸು ಮರುವಾರವೇ ಮಂಗಳೂರಿಗೆ ಹೊರಟುಹೋದಳು. ಅವಳ ಹಿಂದೆ ಇನ್ನೊಬ್ಬಳು ಹೋದಳು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಇದ್ದವರೇ ಎಲ್ಲ ಹೊರೆ ಎಳೆದರು.

ಎಳೆದವರಲ್ಲಿ ಭವ್ಯಾ ಎಲ್ಲರಿಗಿಂತ ಚಿಕ್ಕವಳು. ಇಪ್ಪತ್ಮೂರು ವರ್ಷ, ವಸ್ತಾರೆಯ ಹುಡುಗಿ. ಅಕ್ಕನ ನಿಶ್ಚಿತಾರ್ಥಕ್ಕೆ ಒಂದು ದಿನ ರಜೆ ಕೇಳಿ, ಸಿಗದೆ, ಆ ದಿನ ಡ್ಯೂಟಿ ಮಾಡುತ್ತಲೇ ಫೋನಿನಲ್ಲಿ ಫೋಟೋ ನೋಡಿದ್ದಳು. ಅವತ್ತು ಶಬನಂ ರುದ್ರೇಶನ ಬಳಿ ಹೋಗಿ, "ಅವಳ ಡ್ಯೂಟಿ ನಾನು ಮಾಡ್ತೇನೆ ಸಾರ್, ಬಿಡಿ" ಎಂದಿದ್ದಳು. "ಇವತ್ತು ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರೂ ಬರ್ತಾರೆ" ಎಂದು ಆತ ಕಂಪ್ಯೂಟರಿನಿಂದ ತಲೆಯೆತ್ತದೆ ಹೇಳಿದ್ದ.

ಜನವರಿಯ ಆ ಮಂಗಳವಾರ ಭವ್ಯಾ ಹಿಂದಿನ ದಿನ ಸಂಜೆ ಬಂದವಳು ಇನ್ನೂ ಮನೆಗೆ ಹೋಗಿರಲಿಲ್ಲ. ಬೆಳಗಿನವಳಿಗೆ ಜ್ವರ, ಬದಲಿ ಇಲ್ಲ. ಬೆಳಗಿನ ಪಾಳಿಯ ಜವಾಬ್ದಾರಿ ಶಬನಂಳದ್ದು. ಆದರೆ ಅವಳು ಬಸ್ಸಿಳಿದು ಒಳಗೆ ಬರುವಷ್ಟರಲ್ಲೇ ರುದ್ರೇಶನ ಆಜ್ಞೆ ಕಾದಿತ್ತು: ರಿಸೆಪ್ಷನ್ನಿನ ಹುಡುಗಿ ಬಂದಿಲ್ಲ, ಶಬನಂ ಸಿಸ್ಟರ್ ಅಲ್ಲಿ ಕೂತು ಚೀಟಿ ಬರೆಯಬೇಕು.

"ವಾರ್ಡಲ್ಲಿ ಭವ್ಯಾ ಒಬ್ಬಳೇ ಇದ್ದಾಳೆ ಸಾರ್. ಹದಿನಾಲ್ಕು ಪೇಷಂಟು."

"ಒಂದು ಗಂಟೆ ಸಿಸ್ಟರ್. ಒಂದು ಗಂಟೆಯಲ್ಲಿ ಎಂತ ಆಗ್ತದೆ?"

ಒಂದು ಗಂಟೆಯಲ್ಲಿ ಆದದ್ದು ಇಷ್ಟು. ಹೆಂಗಸರ ವಾರ್ಡಿನ ನಾಲ್ಕನೇ ಹಾಸಿಗೆ ರುದ್ರಾಣಿಯಮ್ಮನದ್ದು. ಹಳೆಯ ಸಕ್ಕರೆ ಕಾಯಿಲೆ, ತಿಂಡಿಗೆ ಮುಂಚೆ ಇನ್ಸುಲಿನ್. ಐದನೆಯದರಲ್ಲಿ ಭುವನಾ, ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವವಳು. ಕಾಲಿಗೆ ಆದ ಗಾಯ ಕೀವಾಗಿ, ಊದಿಕೊಂಡು ಬಂದು ಸೇರಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಇಲ್ಲ. ಭವ್ಯಾ ರುದ್ರಾಣಿಯಮ್ಮನ ಇನ್ಸುಲಿನ್ ಸಿರಿಂಜಿಗೆ ಎಳೆದಳು. ಫೋನು ಬಡಿದುಕೊಂಡಿತು. ಸಿರಿಂಜನ್ನು ಟ್ರೇಯಲ್ಲಿಟ್ಟು ಹೋದಳು: ಎರಡನೇ ಖಾಸಗಿ ಕೋಣೆಗೆ ಬಿಸಿನೀರು. ಬಂದು ಮತ್ತೆ ಟ್ರೇ ಎತ್ತಿದಳು. ಮತ್ತೆ ಫೋನು: ಅದೇ ಕೋಣೆಗೆ ಇನ್ನೊಂದು ದಿಂಬು. ಮೂರನೆಯ ಸಲ ಸ್ವತಃ ರುದ್ರೇಶ್: ಹಿಂದಿನ ಕರೆ ಎತ್ತಲು ತಡವಾದದ್ದು ಯಾಕೆ? ಅಷ್ಟರಲ್ಲಿ ರುದ್ರಾಣಿಯಮ್ಮ ಬಚ್ಚಲಿಗೆ ಹೋಗಿದ್ದರು. ನಾಲ್ಕನೇ ಹಾಸಿಗೆ ಕಿಟಕಿಯ ಪಕ್ಕದ್ದು, ಎಳೆಬಿಸಿಲು ಬೀಳುವ ಜಾಗ. ಚಳಿಯಲ್ಲಿ ನಡುಗುತ್ತಿದ್ದ ಭುವನಾ ಕುಂಟುತ್ತ ಹೋಗಿ, ತಲೆ ತುಂಬ ಶಾಲು ಹೊದ್ದು ಅಲ್ಲಿ ಕೂತಿದ್ದಳು. ಭವ್ಯಾ ಬಂದವಳೇ ನಾಲ್ಕನೇ ಹಾಸಿಗೆಯ ಮೇಲಿದ್ದ ಹೆಂಗಸಿನ ತೋಳಿಗೆ ಚುಚ್ಚಿದಳು. ಹೆಸರು ಕೇಳಲಿಲ್ಲ.

ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಶಬನಂ ಚೀಟಿಯ ಪುಸ್ತಕ ಮುಚ್ಚಿ, ಯಾರನ್ನೂ ಕೇಳದೆ ವಾರ್ಡಿಗೆ ಬಂದಳು. ಬಾಗಿಲಲ್ಲೇ ಅವಳ ಕಣ್ಣು ಭುವನಾಳ ಮೇಲೆ ಬಿತ್ತು. ತನ್ನ ಹಾಸಿಗೆಗೆ ಮರಳಿ ಮಲಗಿದ್ದಳು, ಇಡ್ಲಿ ಮುಟ್ಟಿರಲಿಲ್ಲ. ಅಂಥ ಚಳಿಯಲ್ಲಿ ಹಣೆಯ ಮೇಲೆ ಬೆವರು ಹರಿಯುತ್ತಿತ್ತು.

"ಭುವನಾ, ಎಂತ ಆಗ್ತಿದೆ ನಿಂಗೆ?"

"ಕೈ... ನಡುಗ್ತದೆ ಸಿಸ್ಟರ್. ಕಣ್ಣು..." ಮಾತು ತೊದಲಿ ನಿಂತಿತು.

ಶಬನಂ ಬೆರಳು ಚುಚ್ಚಿ ಶುಗರ್ ನೋಡಿದಳು. ಎಪ್ಪತ್ತರ ಮೇಲಿರಬೇಕಾದದ್ದು ಮೂವತ್ತೆಂಟು. ಅವಳ ಧ್ವನಿ ಏರಲಿಲ್ಲ, ಕೈ ಮಾತ್ರ ಎರಡು ಪಟ್ಟು ವೇಗವಾಯಿತು. "ಭವ್ಯಾ, ಗ್ಲೂಕೋಸ್ ಬಾಟ್ಲಿ, ಇಪ್ಪತ್ತೈದು ಪರ್ಸೆಂಟಿಂದು. ಆಯಾ, ಡಾಕ್ಟ್ರನ್ನ ಕರೀರಿ, ಓಡಿ." ಔಷಧಿಗೆಂದು ಭುವನಾಳ ಕೈಗೆ ಮೊದಲೇ ಹಾಕಿದ್ದ ಸೂಜಿ ಇತ್ತು. ಡ್ಯೂಟಿ ಡಾಕ್ಟರ್ ಅಜಿತ್ ಸ್ಟೆತಸ್ಕೋಪ್ ಕೈಯಲ್ಲೇ ಹಿಡಿದು ಓಡಿಬಂದು ತಲೆಯಾಡಿಸಿದ, ಗ್ಲೂಕೋಸ್ ಹೋಗತೊಡಗಿತು. ಐದು ನಿಮಿಷ ಕಳೆಯಿತು. ಭುವನಾ ಕಣ್ಣು ಬಿಟ್ಟು, "ಯಾಕೆ ಎಲ್ರೂ ಹೀಗೆ ನಿಂತಿದ್ದೀರಿ?" ಎಂದಳು.

"ಶುಗರ್ ಇಲ್ಲದವಳಿಗೆ ಇಷ್ಟು ಇಳಿದದ್ದು ಹೇಗೆ?" ಅಜಿತ್ ತನ್ನಷ್ಟಕ್ಕೇ ಅಂದುಕೊಂಡ.

ಆಗ ನಾಲ್ಕನೇ ಹಾಸಿಗೆಯಿಂದ ರುದ್ರಾಣಿಯಮ್ಮ ಮೆಲ್ಲಗೆ ಕೇಳಿದರು, "ಮಗಾ, ನಂಗೆ ಇವತ್ತು ಇಂಜೆಕ್ಷನ್ನೇ ಕೊಟ್ಟಿಲ್ಲ ಅಲ್ವಾ ನೀನು?"

ಭವ್ಯಾ ಟ್ರಾಲಿ ನೋಡಿದಳು, ಖಾಲಿ ಸಿರಿಂಜ್ ನೋಡಿದಳು, ಕಿಟಕಿ ನೋಡಿದಳು. ಸುಮ್ಮನಿದ್ದಿದ್ದರೆ ಆ ಗಳಿಗೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳು ಎಲ್ಲರೆದುರಿಗೇ ಹೇಳಿದಳು.

"ಅಕ್ಕಾ, ಅದನ್ನ ಇವರಿಗೆ ಕೊಟ್ಟುಬಿಟ್ಟೆ. ನಾನೇ. ಹದಿನಾರು ಯುನಿಟ್. ಏಳೂ ಮುಕ್ಕಾಲು ದಾಟಿತ್ತು."

"ಹೇಳಿದ್ದು ಒಳ್ಳೇದಾಯ್ತು," ಎಂದಳು ಶಬನಂ. "ಈಗ ಅಳಬೇಡ. ಇನ್ನೂ ಇಳೀತದೆ ಅದು, ಕಾಲು ಗಂಟೆಗೊಮ್ಮೆ ನೋಡ್ಬೇಕು. ನೀನು ರುದ್ರಾಣಿಯಮ್ಮನ ಶುಗರ್ ನೋಡು ಮೊದ್ಲು."

ಮಧ್ಯಾಹ್ನದವರೆಗೂ ಶಬನಂ ಆ ಹಾಸಿಗೆಯ ಬಳಿಯಿಂದ ಕದಲಲಿಲ್ಲ. ಎರಡು ಸಲ ಶುಗರ್ ಮತ್ತೆ ಜಾರಿತು, ಎರಡು ಸಲವೂ ಹಿಡಿದು ನಿಲ್ಲಿಸಿದರು. ಇಂಟರ್‌ಕಾಂ ಏಳೆಂಟು ಸಲ ಬಡಿದುಕೊಂಡಿತು. ಅವಳು ತಿರುಗಿಯೂ ನೋಡಲಿಲ್ಲ.

ಒಂದು ಗಂಟೆಗೆ ರುದ್ರೇಶನಿಂದ ಕರೆ ಬಂತು. ಒಳಗೆ ಭವ್ಯಾ ಆಗಲೇ ನಿಂತಿದ್ದಳು, ಅಜಿತ್ ಕೂತಿದ್ದ. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ ಇತ್ತು. ತನ್ನ ಬೇಜವಾಬ್ದಾರಿಯಿಂದಲೇ ತಪ್ಪಾಯಿತು, ಇದಕ್ಕೆ ಬೇರಾರೂ ಹೊಣೆಯಲ್ಲ ಎಂದು ಭವ್ಯಾ ಬರೆದುಕೊಡುವ ಪತ್ರ. ಸಹಿ ಒಂದು ಬಾಕಿ.

"ಇದು ನನ್ನ ಡ್ರಾಯರಿನಲ್ಲೇ ಇರ್ತದೆ," ಎಂದ ರುದ್ರೇಶ್. "ಹೊರಗೆ ಹೋಗಲ್ಲ. ಪೇಷಂಟಿನ ಕಡೆಯವರಿಗೆ ನಿಶ್ಶಕ್ತಿ, ತಲೆಸುತ್ತು ಅಂತ ಹೇಳಿ. ಫೈಲಿನಲ್ಲೂ ಹಾಗೇ ಬರಲಿ. ಆಸ್ಪತ್ರೆ ಹೆಸರು ಉಳೀಬೇಕಲ್ಲ."

ಶಬನಂ ಹಾಳೆಯನ್ನು ಕೊನೆಯವರೆಗೆ ಓದಿದಳು. "ಸಾರ್, ಹೊರಗಿನವರಿಗೆ ಎಂತದೂ ಆಗ್ಲಿಲ್ಲ ಅಂತ ಹೇಳ್ಬೇಕು. ಒಳಗೆ ಎಲ್ಲ ಇವಳೇ ಮಾಡಿದ್ದು ಅಂತ ಬರೀಬೇಕು. ಎರಡೂ ಸುಳ್ಳು."

"ಸುಳ್ಳಾ? ಚುಚ್ಚಿದ್ದು ಅವಳೇ ಅಲ್ವಾ?"

"ಹೌದು, ಅವಳೇ. ಹೆಸರು ಕೇಳ್ಬೇಕಿತ್ತು, ಕೇಳ್ಲಿಲ್ಲ. ಅದನ್ನ ಅವಳೇ ಬರೀತಾಳೆ. ಆದ್ರೆ ಹದಿನಾರು ಗಂಟೆ ನಿಂತಿದ್ಲು ಅಂತಲೂ ಬರೀತಾಳೆ. ಔಷಧಿ ಕೈಯಲ್ಲಿ ಹಿಡ್ಕೊಂಡಾಗ ಮೂರು ಸಲ ಫೋನ್ ಮಾಡಿ ಕರೆದ್ರು ಅಂತಲೂ ಬರೀತಾಳೆ. ಮೂರನೇ ಸಲದ್ದು ನೀವೇ ಸಾರ್."

ರುದ್ರೇಶ್ ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. "ಸಿಸ್ಟರ್, ನೀವು ಯಾರ ಹತ್ರ ಮಾತಾಡ್ತಿದ್ದೀರಿ ಅಂತ ಗೊತ್ತಿದೆಯಾ?"

"ಗೊತ್ತು ಸಾರ್. ಇನ್ನೊಂದು ವಿಷ್ಯ. ಫೈಲಿನಲ್ಲಿ ನನ್ನ ನೋಟ್ಸ್ ಬರೆದಾಗಿದೆ, ಗಂಟೆ ಸಮೇತ. ಬರೆದದ್ದನ್ನ ಹರಿಯುವ ಅಭ್ಯಾಸ ನಂಗಿಲ್ಲ."

ಎಲ್ಲರೂ ಅಜಿತನ ಕಡೆ ನೋಡಿದರು. ಅವನಿಗೆ ಮೂವತ್ತು ತುಂಬಿರಲಿಲ್ಲ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟ. "ನಾನೂ ಇನ್ಸುಲಿನ್ ಅಂತಲೇ ಬರೆದಿದ್ದೇನೆ," ಎಂದ. "ಬೇರೆ ಬರೆದ್ರೆ ನಾಳೆ ನೋಡೋ ಡಾಕ್ಟ್ರಿಗೆ ದಾರಿ ತಪ್ಪುತ್ತೆ."

ಭವ್ಯಾ ಸಹಿ ಹಾಕಲಿಲ್ಲ. ಕಾರಿಡಾರಿಗೆ ಬಂದ ಮೇಲೆ ವಾರ್ಡಿನ ಬಾಗಿಲ ಕಡೆ ನೋಡಿದಳು.

"ಅಕ್ಕಾ, ಈಗ ಭುವನಾಗೆ?"

"ಹೇಳ್ಬೇಕು. ಬಾ. ನಾನು ಪಕ್ಕದಲ್ಲೇ ಇರ್ತೇನೆ, ಮಾತು ನಿಂದು."

ಭುವನಾ ಗಂಜಿ ಕುಡಿದು ದಿಂಬಿಗೆ ಒರಗಿದ್ದಳು. ಭವ್ಯಾ ಹೇಳಿದಳು. ಬೇರೆಯವರ ಔಷಧಿ ಎಂದಳು, ತಪ್ಪು ತನ್ನದು ಎಂದಳು, ಈಗ ಅಪಾಯ ಇಲ್ಲ ಎಂದಳು. ಭುವನಾ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ತಮ್ಮ, ತೋಟದಿಂದ ಆಗಷ್ಟೇ ಬಂದವನು, ವಾರ್ಡು ನಡುಗುವ ಹಾಗೆ ಕೂಗಾಡಿದ. ಶಬನಂ ತಡೆಯಲಿಲ್ಲ. ಅವನಿಗೆ ಕೂಗುವ ಹಕ್ಕಿದೆ ಎಂದು ಅವಳಿಗೆ ಅನ್ನಿಸಿತ್ತು. ಅವನ ಉಸಿರು ಮುಗಿದ ಮೇಲೆ ಭುವನಾ ಈ ಕಡೆ ತಿರುಗಿದಳು.

"ನಂಗೆ ಸಿಟ್ಟು ಉಂಟು," ಎಂದಳು. "ಆದ್ರೆ ಯಾರ ಮೇಲೆ ಅಂತ ಯೋಚ್ನೆ ಮಾಡ್ತಾ ಇದ್ದೇನೆ. ನಾನು ಆ ಹಾಸಿಗೆ ಮೇಲೆ ಕೂತು ನೋಡ್ತಾ ಇದ್ದೆ. ಈ ಹುಡುಗಿ ಆ ತಟ್ಟೆ ಎತ್ತೋದು, ಆ ಫೋನು ಬಡ್ಕೊಳ್ಳೋದು. ಎತ್ತೋದು, ಬಡ್ಕೊಳ್ಳೋದು. ಯಾರಾದ್ರೂ ಕೇಳಿದ್ರೆ ನಾನು ಹೇಳ್ತೇನೆ."

ಮರುದಿನ ಶಬನಂಗೆ ಮೆಮೊ ಬಂತು: ಅವಿಧೇಯತೆ, ಇಂಟರ್‌ಕಾಂ ಎತ್ತದಿರುವುದು, ಅನುಮತಿಯಿಲ್ಲದೆ ರೋಗಿಗೆ ಮಾಹಿತಿ. ಇಪ್ಪತ್ನಾಲ್ಕು ಗಂಟೆಯಲ್ಲಿ ಉತ್ತರ ಕೊಡಬೇಕು. ಅವಳು ಸಂಜೆ ಮನೆಯ ಅಡಿಗೆ ಮೇಜಿನ ಮುಂದೆ ಕೂತು ಉತ್ತರ ಬರೆದಳು. ಗಂಡ ಹಸೀಬ್ ಚಪಾತಿ ಬೇಯಿಸುತ್ತ, "ಕೆಲಸ ಹೋದ್ರೆ?" ಎಂದು ಕೇಳಿದ.

"ಈ ಕೈಗೆ ಎಲ್ಲಿ ಹೋದ್ರೂ ಕೆಲಸ ಉಂಟು ಮಾರಾಯ," ಎಂದಳು. ಜಂಬಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. "ನಾನು ಹೋದ್ರೆ ಅವರಿಗೆ ಕಷ್ಟ. ಅದನ್ನೇ ಬರೀತಾ ಇದ್ದೇನೆ."

ಎರಡು ಪುಟ ಆಯಿತು. ಅದರಲ್ಲಿ ಬೈಗುಳ ಇರಲಿಲ್ಲ. ಆ ಮಂಗಳವಾರ ಯಾರು ಎಷ್ಟು ಗಂಟೆಗೆ ಎಲ್ಲಿದ್ದರು, ಯಾರು ಯಾಕೆ ಕರೆದರು, ಅಷ್ಟೇ. ಉಳಿದಿದ್ದ ಹನ್ನೊಂದು ನರ್ಸುಗಳಿಗೂ ಊಟದ ಹೊತ್ತಿನಲ್ಲಿ ಓದಿ ಹೇಳಿದಳು. ಒಬ್ಬಳು, "ಕುರ್ಚಿ ತೆಗೆದದ್ದನ್ನೂ ಸೇರಿಸಿ" ಎಂದಳು, ಸೇರಿಸಿದಳು. ಹನ್ನೊಂದೂ ಸಹಿ ಬಿದ್ದವು. ಒಂದು ಪ್ರತಿ ರುದ್ರೇಶನ ಮೇಜಿಗೆ, ಇನ್ನೊಂದು ಟ್ರಸ್ಟಿನ ಅಧ್ಯಕ್ಷೆ ಸತ್ಯವತಿಯವರಿಗೆ.

ಸತ್ಯವತಿಯವರು ಎಪ್ಪತ್ತರ ಹತ್ತಿರದ ಪ್ಲಾಂಟರ್. ಗಂಡ ಹೋದ ಮೇಲೆ ಎಂಬತ್ತು ಎಕರೆ ಕಾಫಿ ಒಬ್ಬರೇ ನೋಡಿಕೊಂಡವರು. ತೋಟದ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ ಅವರೆದುರು ಬಾಯಿ ಬಿಡುವ ಮೊದಲು ಎರಡು ಸಲ ಯೋಚಿಸುತ್ತಿದ್ದರು. ಪತ್ರ ಓದಿದವರು ಶನಿವಾರ ಬೆಳಿಗ್ಗೆ ವಾರ್ಡಿಗೇ ಬರುತ್ತೇನೆ ಎಂದು ಹೇಳಿ ಕಳಿಸಿದರು.

ಏಳು ಗಂಟೆಗೆ ಸ್ವೆಟರ್ ತೊಟ್ಟು, ತಾವೇ ಜೀಪು ಓಡಿಸಿಕೊಂಡು ಬಂದರು. ರುದ್ರೇಶ್ ಬಾಗಿಲಲ್ಲೇ ಕಾಯುತ್ತಿದ್ದ. "ಮೇಡಂ, ಆಫೀಸಿನಲ್ಲಿ ಕೂತು ಮಾತಾಡೋಣ" ಎಂದ. "ನಾನು ಇಲ್ಲೇ ಇರ್ತೇನೆ" ಎಂದು ವಾರ್ಡಿನ ಮೇಜಿನ ಹಿಂದೆ ಹೋದರು. ಕೂರಲು ಜಾಗ ಹುಡುಕಿದರು, ಏನೂ ಇರಲಿಲ್ಲ. ಒಬ್ಬ ವಾರ್ಡ್‌ಬಾಯ್ ಓಡಿಹೋಗಿ ಕುರ್ಚಿ ತರಲು ಹೊರಟಾಗ ಕೈಯೆತ್ತಿ ತಡೆದು, ನಿಂತೇ ಇದ್ದರು.

ಶಬನಂ ಔಷಧಿಯ ಟ್ರಾಲಿ ತಳ್ಳಿಕೊಂಡು ಹೊರಟಳು. ಒಂದೊಂದು ಹಾಸಿಗೆಯ ಬಳಿ ನಿಂತು, ಹೆಸರು ಕೇಳಿ, ಫೈಲು ನೋಡಿ, ಕೊಟ್ಟು, ಬರೆದು, ಮುಂದಕ್ಕೆ. ಹದಿನಾಲ್ಕು ಹಾಸಿಗೆಗೆ ನಲವತ್ತೈದು ನಿಮಿಷ ಹಿಡಿಯಿತು. ರುದ್ರೇಶನ ಮುಖದಲ್ಲಿ ಸಮಾಧಾನ ಕಾಣಿಸಿತು.

"ನೋಡಿದ್ರಲ್ಲ ಮೇಡಂ, ಎಲ್ಲ ಸರಿಯಾಗೇ ನಡೀತದೆ. ಇವರು ಬರೆದಷ್ಟು ಕಷ್ಟ ಏನಿಲ್ಲ."

ಸತ್ಯವತಿಯವರು ಶಬನಂ ಕಡೆ ತಿರುಗಿದರು. "ದಿನಾ ಎಷ್ಟು ಹೊತ್ತು ಹಿಡೀತದೆ ಇದು?"

"ಎರಡು ಗಂಟೆ ಅಮ್ಮ."

"ಇವತ್ತು ಯಾಕೆ ಬೇಗ ಆಯ್ತು?"

"ಫೋನು ಬಡ್ಕೊಳ್ಲಿಲ್ಲ ಅಮ್ಮ," ಎಂದಳು ಶಬನಂ. "ನೀವು ಬರ್ತೀರಿ ಅಂತ ಸುಮ್ಮನಿದೆ. ಬಿಸಿನೀರು ಬೇಕಾದವರಿಗೆ ಇವತ್ತು ಬೇರೆ ಯಾರೋ ಕೊಟ್ಟಿದ್ದಾರೆ. ಅಂದ್ರೆ ಕೊಡ್ಲಿಕ್ಕೆ ಆಗ್ತದೆ, ಅಲ್ವಾ? ನಮ್ಮನ್ನ ಕರೀಲೇಬೇಕು ಅಂತ ಏನಿಲ್ಲ."

ಐದನೇ ಹಾಸಿಗೆಯಿಂದ ಭುವನಾ, "ಹೌದಮ್ಮ, ಮೊನ್ನೆ ಹೀಗಿರ್ಲಿಲ್ಲ. ಆ ಹುಡುಗಿಗೆ ನಿಲ್ಲಕ್ಕೇ ಬಿಡ್ಲಿಲ್ಲ" ಎಂದಳು.

"ಅಮ್ಮ, ನಿಮ್ಮ ತೋಟದಲ್ಲಿ ಗಿಡಕ್ಕೆ ಹೊಡಿಯೋ ಔಷಧಿ ಕಲೆಸ್ತಾ ಇರೋನನ್ನ ನಡುವೆ ಕರೆದು ಕಾರು ತೊಳಿ ಅಂತೀರಾ?" ಶಬನಂ ಕೇಳಿದಳು.

"ಅಂದವನಿಗೆ ಬುದ್ಧಿ ಇಲ್ಲ ಅಂತೇನೆ," ಎಂದರು ಸತ್ಯವತಿಯವರು.

ಆಫೀಸಿನಲ್ಲಿ ಬಾಗಿಲು ಹಾಕಿ ಕೂತಾಗ ರುದ್ರೇಶ್ ಮೊದಲ ಸಲ ತನ್ನ ಮನಸ್ಸಿನ ಮಾತು ಆಡಿದ. "ಮೇಡಂ, ನನ್ನನ್ನ ಕರೆದವರು ನೀವೇ. ರೂಮುಗಳು ತುಂಬಬೇಕು, ರೂಮಿನವರಿಂದ ಒಂದು ದೂರೂ ಬರಬಾರದು ಅಂದವರೂ ನೀವೇ. ನಂಗೆ ಗೊತ್ತಿದ್ದ ರೀತಿಯಲ್ಲಿ ಮಾಡಿದೆ. ರೆಸಾರ್ಟಿನಲ್ಲಿ ಗೆಸ್ಟು ಕರೆದಾಗ ಹೋಗದಿದ್ರೆ ತಪ್ಪು."

ಸತ್ಯವತಿಯವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಅಂದದ್ದು ಹೌದು. ಈ ವಾರ್ಡಿಗೆ ನಾನು ಕಾಲಿಟ್ಟು ಎಷ್ಟು ವರ್ಷ ಆಯ್ತೋ. ಅದು ನನ್ನ ತಪ್ಪು, ಒಪ್ತೇನೆ. ಆದ್ರೆ ಆ ಹುಡುಗಿ ಕೈಲಿ ಸುಳ್ಳು ಬರೆಸಿ ಅಂತ ನಾನು ಹೇಳಿರ್ಲಿಲ್ಲ ರುದ್ರೇಶ್."

ರುದ್ರೇಶ್ ಆ ಟೈಪ್ ಮಾಡಿದ ಹಾಳೆಯನ್ನು ಡ್ರಾಯರಿನಿಂದ ತೆಗೆದು, ತಾನೇ ಎರಡಾಗಿ ಹರಿದ.

ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಕಟ್ಟಡ, ಕೋಣೆಗಳು, ಸಾಮಾನು ಅವನ ಪಾಲಿಗೆ ಉಳಿದವು. ಅದರಲ್ಲಿ ಅವನು ಜಾಣನೇ. ನರ್ಸುಗಳ ಡ್ಯೂಟಿ, ರಜೆ, ವಾರ್ಡಿನ ಕೆಲಸ ಇನ್ನು ಮುಂದೆ ಒಬ್ಬ ನರ್ಸಿನ ಕೈಯಲ್ಲೇ ಇರಬೇಕೆಂದು ಟ್ರಸ್ಟ್ ತೀರ್ಮಾನಿಸಿತು. ಸತ್ಯವತಿಯವರು ಶಬನಂಳನ್ನು ಕೇಳಿದರು.

"ಮಾಡ್ತೇನೆ ಅಮ್ಮ. ಒಂದು ಮಾತು. ನರ್ಸಿಗೆ ಬೈಯೋದಿದ್ರೆ ನಂಗೆ ಹೇಳಿ. ನಾನು ಬಾಗಿಲು ಹಾಕಿ ಬೈತೇನೆ. ಪೇಷಂಟಿನ ಎದುರು ಯಾರೂ ಬೈಯೋ ಹಾಗಿಲ್ಲ."

"ನಾನೂ?"

"ನೀವೂ ಅಮ್ಮ."

ಸತ್ಯವತಿಯವರು ನಕ್ಕರು.

ಭುವನಾ ಎಂಟನೆಯ ದಿನ ಕಾಲೂರಿ ನಡೆದು ಮನೆಗೆ ಹೋದಳು. ಹೋಗುವಾಗ ಭವ್ಯಾಳ ಜೊತೆ ಮಾತಾಡಲಿಲ್ಲ, ಆದರೆ ಡ್ರೆಸ್ಸಿಂಗ್ ಬಿಚ್ಚಿಸಲು ಮತ್ತೆ ಬಂದದ್ದು ಭವ್ಯಾಳ ಬಳಿಗೇ. ಭವ್ಯಾ ಎರಡು ವಾರ ಸಿರಿಂಜ್ ಮುಟ್ಟಲಿಲ್ಲ. ಮೂರನೆಯ ವಾರ ಶಬನಂ ಟ್ರೇಯನ್ನು ಅವಳ ಕೈಗಿಟ್ಟು, "ಹೋಗು" ಎಂದಳು. ಹುಡುಗಿ ನಾಲ್ಕನೇ ಹಾಸಿಗೆಯ ಹೊಸ ರೋಗಿಯ ಹೆಸರನ್ನು ಮೂರು ಸಲ ಕೇಳಿದಳು. ಆ ಹೆಂಗಸು ಬೇಸತ್ತು ಗಂಡನ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ ಹೇಳಿದಳು.

ಎಲ್ಲವೂ ಸರಿಹೋಯಿತು ಎಂದಲ್ಲ. ಶಬನಂ ಹೊಸ ಕೆಲಸದ ಮೊದಲ ದಿನವೇ ಮಂಗಳೂರಿಗೆ ಫೋನ್ ಮಾಡಿ ಕೃತಿಕಾಳನ್ನು ವಾಪಸ್ ಕರೆದಳು. "ಇಲ್ಲ ಅಕ್ಕಾ, ಇಲ್ಲಿ ನಂಗೆ ಅಭ್ಯಾಸ ಆಯ್ತು. ಮೊದ್ಲೇ ಕರೀಬೇಕಿತ್ತು" ಎಂದಳು ಕೃತಿಕಾ. ಆ ಮಾತು ಶಬನಂಗೆ ಚುಚ್ಚಿತು. ಮೊದಲೇ ಬಾಯಿ ಬಿಡಬೇಕಿತ್ತು ತಾನು, ಕುರ್ಚಿ ಹೋದ ದಿನವೇ. ಆ ಯೋಚನೆಯನ್ನು ಅವಳು ದೂಡಿಹಾಕಲಿಲ್ಲ, ಆದರೆ ಅದರ ಜೊತೆ ಕೂತೂ ಇರಲಿಲ್ಲ. ಮುಂದಿನ ತಿಂಗಳ ಡ್ಯೂಟಿ ಪಟ್ಟಿಯನ್ನು ಎಳೆದುಕೊಂಡಳು. ಎಷ್ಟು ತಿರುಗಿಸಿ ಹಾಕಿದರೂ ಎರಡು ಕೈ ಕಡಿಮೆ ಬೀಳುತ್ತಿತ್ತು.

ಪಟ್ಟಿ ಹಿಡಿದುಕೊಂಡು ರುದ್ರೇಶನ ಕೋಣೆಗೆ ಹೋದಳು. "ಸಾರ್, ಹೊಸಬರು ಇಬ್ಬರು ಬರೋವರೆಗೆ ಹೆಂಗಸರ ವಾರ್ಡಿನಲ್ಲಿ ನಾಲ್ಕು ಹಾಸಿಗೆ ಮುಚ್ತೇನೆ. ಹತ್ತು ಜನರನ್ನ ನೋಡ್ಕೊಳ್ಳೋ ಶಕ್ತಿ ಇರುವಾಗ ಹದಿನಾಲ್ಕು ಜನರನ್ನ ಮಲಗಿಸೋದು ಬೇಡ."

ರುದ್ರೇಶ್ ಬಾಯಿ ತೆರೆದ, ಏನೋ ಹೇಳಹೊರಟ. ಆಮೇಲೆ ಕಂಪ್ಯೂಟರಿನಿಂದ ಕಣ್ಣು ತೆಗೆದು, ಪಟ್ಟಿಯನ್ನು ಕೈಗೆ ತೆಗೆದುಕೊಂಡು ಓದಿದ.

"ಯಾವ ನಾಲ್ಕು ಸಿಸ್ಟರ್?" ಎಂದು ಕೇಳಿದ.

ಶಬನಂ ಪೆನ್ನು ತೆಗೆದು, ಮೇಜಿನ ಮೇಲೆ ಬಗ್ಗಿ, ಬಾಗಿಲ ಬಳಿಯ ನಾಲ್ಕು ಹಾಸಿಗೆಗಳ ನಂಬರಿಗೆ ಗೀಟು ಎಳೆದಳು.